ಪಿಸ್ತೂಲು ಕೊಳ್ಳುವ ಮೊದಲು ನಿಮ್ಮ ಕೈಯನ್ನು ಕೇಳಿ

"ಗ್ಲಾಕ್ ತಗೊಳ್ಳಲಾ, ಸಿಗ್ ತಗೊಳ್ಳಲಾ?"

ಅಮೆರಿಕದ ಟೆಕ್ಸಸ್ ರಾಜ್ಯದ ಡಾಲಸ್ ಸುತ್ತಮುತ್ತ ಇರುವ ಕನ್ನಡದ ಗೆಳೆಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ. ಗ್ಲಾಕ್, ಸಿಗ್ ಎರಡೂ ಪಿಸ್ತೂಲು ಮಾಡುವ ಕಂಪನಿಗಳು. ನಾನು ಕೊಡಗಿನವನು ಅಂತ ಗೊತ್ತಾದ ಕೂಡಲೇ ಬಂದೂಕಿನ ವಿಷಯ ನನಗೆ ಹುಟ್ಟಿನಿಂದಲೇ ಬಂದಿದೆ ಅಂದುಕೊಳ್ಳುತ್ತಾರೆ. ಅದು ಅರ್ಧ ನಿಜ. ನಮ್ಮ ಮನೆಯ ಗೋಡೆಯಲ್ಲಿ ತೋಟಾ ಕೋವಿ ಇತ್ತು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ದಿನ ಅದರ ನಳಿಗೆಯ ತುದಿಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಆದರೆ ಕೋವಿ ಬೇರೆ, ಪಿಸ್ತೂಲು ಬೇರೆ. ಕೋವಿಯನ್ನು ಭುಜಕ್ಕೆ ಒತ್ತಿ ಹಿಡಿಯುತ್ತೇವೆ, ಇಡೀ ಮೈ ಅದಕ್ಕೆ ಆಸರೆ. ಪಿಸ್ತೂಲಿಗೆ ನಿಮ್ಮ ಎರಡು ಅಂಗೈ ಬಿಟ್ಟರೆ ಬೇರೆ ಆಸರೆ ಇಲ್ಲ.

ಇಲ್ಲಿಗೆ ಬಂದು ಎಷ್ಟೋ ವರ್ಷಗಳ ನಂತರ ನಾನು ಕೊಂಡ ಮೊದಲ ಪಿಸ್ತೂಲು ಪುಟ್ಟದಾಗಿ, ಚೆಂದವಾಗಿ ಇತ್ತು. ಅಂಗಡಿಯ ಗಾಜಿನ ಮೇಲೆ ಇಟ್ಟಾಗ ಇದೇ ಬೇಕು ಅನ್ನಿಸಿತು. ಗುರಿ ಹೊಡೆಯುವುದನ್ನು ಅಭ್ಯಾಸ ಮಾಡುವ ರೇಂಜಿನಲ್ಲಿ 20 ಈಡು ಹೊಡೆಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಉರಿಯತೊಡಗಿತು. 40 ಈಡಿಗೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಅದು ಎರಡು ವರ್ಷ ಡಬ್ಬಿಯಲ್ಲೇ ಇತ್ತು. ಹೀಗಾಗಿ ಯಾವ ಕಂಪನಿ ಅನ್ನುವ ಪ್ರಶ್ನೆಗೆ ನಾನು ಕೊನೆಯಲ್ಲಿ ಉತ್ತರ ಕೊಡುತ್ತೇನೆ. ಅದಕ್ಕೂ ಮೊದಲು ತಿಳಿದುಕೊಳ್ಳಬೇಕಾದ್ದು ತುಂಬಾ ಇದೆ.

ಮೊದಲನೆಯದು ನಿಮ್ಮ ವೀಸಾ. ಎಚ್-1ಬಿ, ಎಲ್-1, ಎಫ್-1 ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳುವುದೂ ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ರೇಂಜಿನಲ್ಲಿ ಬಾಡಿಗೆ ಪಿಸ್ತೂಲನ್ನು ಕೈಗೆ ತೆಗೆದುಕೊಳ್ಳುವುದೂ ಇದರೊಳಗೇ ಬರುತ್ತದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿಗಳೂ ಇವೆ. ಆದರೆ ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು ವಲಸೆ ವಕೀಲರನ್ನು ಕೇಳದೆ ಈ ವಿನಾಯಿತಿ ನಂಬಿ ಹೆಜ್ಜೆ ಇಡಬಾರದು. ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಪಡೆದವರು ಕೊಳ್ಳಬಹುದು. ಗಂಡನಿಗೆ ಗ್ರೀನ್ ಕಾರ್ಡ್ ಬಂದು ಹೆಂಡತಿ ಇನ್ನೂ ವೀಸಾದಲ್ಲೇ ಇದ್ದರೆ, ಪಿಸ್ತೂಲು ಇಟ್ಟ ಪೆಟ್ಟಿಗೆಯ ಕೀಲಿ ಯಾರ ಕೈಗೆ ಸಿಗುತ್ತದೆ ಅನ್ನುವುದೂ ಕಾನೂನಿನ ಪ್ರಶ್ನೆ ಆಗುತ್ತದೆ.

ಡೀಲರ್ ಹತ್ತಿರ ಪಿಸ್ತೂಲು ಕೊಳ್ಳಲು ಫೆಡರಲ್ ಕಾನೂನಿನ ಪ್ರಕಾರ 21 ವರ್ಷ ಆಗಿರಬೇಕು. 4473 ಅನ್ನುವ ಫಾರಂ ತುಂಬಬೇಕು. 1998ರಿಂದ ನಡೆಯುತ್ತಿರುವ ನಿಕ್ಸ್ ವ್ಯವಸ್ಥೆಯಲ್ಲಿ ನಿಮ್ಮ ಹಿನ್ನೆಲೆ ನೋಡುತ್ತಾರೆ. ಸ್ನೇಹಿತರಿಗೋಸ್ಕರ ನಿಮ್ಮ ಹೆಸರಿನಲ್ಲಿ ಕೊಂಡು ಕೊಡುವುದು ಗಂಭೀರ ಅಪರಾಧ. ಎಷ್ಟೇ ಆಪ್ತರು ಕೇಳಿದರೂ ಇಲ್ಲ ಅನ್ನಿ. ಉಳಿದದ್ದೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದುಡ್ಡು ಕೊಟ್ಟ ಮೇಲೂ 10 ದಿನ ಕಾಯಬೇಕು, ತೋಟಾ ತುಂಬುವ ಡಬ್ಬಿಯಾದ ಮ್ಯಾಗಝೀನಿನಲ್ಲಿ 10ಕ್ಕಿಂತ ಜಾಸ್ತಿ ತೋಟಾ ಹಿಡಿಯುವಂತಿಲ್ಲ, ಸರ್ಕಾರದ ಪಟ್ಟಿಯಲ್ಲಿ ಇರುವ ಮಾಡೆಲ್ಲುಗಳನ್ನಷ್ಟೇ ಅಂಗಡಿಯವರು ಹೊಸದಾಗಿ ಮಾರಬಹುದು. ನ್ಯೂಜೆರ್ಸಿಯಲ್ಲಿ ಕೊಳ್ಳುವುದಕ್ಕೇ ಪರ್ಮಿಟ್ ಬೇಕು. ಟೆಕ್ಸಸ್‌ನಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ನನ್ನ ಊರಿನಲ್ಲಿ ಸಿಗುವ ಪಿಸ್ತೂಲು ನಿಮ್ಮ ಊರಿನಲ್ಲಿ ಸಿಗದೇ ಹೋಗಬಹುದು.

ಒಂದು ಈಡಿನಲ್ಲಿ ಏನಾಗುತ್ತದೆ

ನಾನು ಇಲ್ಲಿ ಹೇಳುವ ಪಿಸ್ತೂಲುಗಳೆಲ್ಲ ಸೆಮಿ ಆಟೊಮ್ಯಾಟಿಕ್. ಅಂದರೆ ಒಮ್ಮೆ ಟ್ರಿಗರ್ ಒತ್ತಿದರೆ ಒಂದೇ ಗುಂಡು. ಬೆರಳು ಸಡಿಲಿಸಿ ಮತ್ತೆ ಒತ್ತಿದರೆ ಇನ್ನೊಂದು. ಎರಡರ ನಡುವಿನ ಕೆಲಸವನ್ನು ಪಿಸ್ತೂಲೇ ಮಾಡಿಕೊಳ್ಳುತ್ತದೆ. ಸೆಮಿ ಅನ್ನುವ ಮಾತು ಬಂದದ್ದು ಅಲ್ಲಿಂದ.

ಆ ಕೆಲಸ ಹೀಗೆ ನಡೆಯುತ್ತದೆ. ಹಿಡಿಯ ಒಳಗೆ ಮ್ಯಾಗಝೀನ್ ಇರುತ್ತದೆ. ಅದರಲ್ಲಿ ತೋಟಾಗಳು ಒಂದರ ಮೇಲೊಂದು ಕೂತಿರುತ್ತವೆ, ಅಡಿಯಲ್ಲಿ ಒಂದು ಸ್ಪ್ರಿಂಗ್ ಅವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಪಿಸ್ತೂಲಿನ ಮೇಲ್ಭಾಗದ ಉದ್ದನೆಯ ಉಕ್ಕಿನ ತುಂಡೇ ಸ್ಲೈಡ್. ಈಡು ಹಾರಿದಾಗ ಗುಂಡು ಮುಂದಕ್ಕೆ ಹೋಗುತ್ತದೆ, ಅಷ್ಟೇ ಒತ್ತಡ ಸ್ಲೈಡನ್ನು ಹಿಂದಕ್ಕೆ ನೂಕುತ್ತದೆ. ಹಿಂದೆ ಹೋಗುವಾಗ ಸ್ಲೈಡ್ ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಮ್ಯಾಗಝೀನಿನ ಮೇಲಿನ ತೋಟಾವನ್ನು ತಳ್ಳಿಕೊಂಡು ಬಂದು ನಳಿಗೆಯ ಬುಡದಲ್ಲಿರುವ ಚೇಂಬರಿನಲ್ಲಿ ಕೂರಿಸುತ್ತದೆ. ಇದೆಲ್ಲ ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಇಲ್ಲೇ ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಮ್ಯಾಗಝೀನ್ ಹೊರಗೆ ತೆಗೆದರೆ ಪಿಸ್ತೂಲು ಖಾಲಿ ಆಗಲಿಲ್ಲ. ಚೇಂಬರಿನಲ್ಲಿ ಒಂದು ತೋಟಾ ಹಾಗೇ ಕೂತಿರಬಹುದು. "ಮ್ಯಾಗಝೀನ್ ತೆಗೆದಿದ್ದೆ, ಖಾಲಿ ಅಂದುಕೊಂಡಿದ್ದೆ" ಅನ್ನುವ ಒಂದೇ ವಾಕ್ಯ ಎಷ್ಟೋ ಸಾವಿನ ಹಿಂದೆ ಇದೆ. ಮೊದಲು ಮ್ಯಾಗಝೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಹಿಡಿಯಿರಿ, ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಈ ಕ್ರಮ ಹಿಂದುಮುಂದಾದರೆ, ಸ್ಲೈಡ್ ಎಳೆದಾಗ ಹೊರಬಿದ್ದ ತೋಟಾದ ಜಾಗಕ್ಕೆ ಮ್ಯಾಗಝೀನಿನಿಂದ ಇನ್ನೊಂದು ಏರಿ ಕೂರುತ್ತದೆ.

ಈ ಹಿಂದೆಮುಂದೆ ಓಡಾಟವನ್ನು ಹಿಡಿತಕ್ಕೆ ತಂದವರಲ್ಲಿ ಅಮೆರಿಕದ ಜಾನ್ ಬ್ರೌನಿಂಗ್ ದೊಡ್ಡವರು. ಸಣ್ಣ ತೋಟಾ ಆದರೆ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿಯೇ ಸಾಕು. ಇದನ್ನು ಬ್ಲೋಬ್ಯಾಕ್ ಅನ್ನುತ್ತಾರೆ. ಜೋರಾದ ತೋಟಾಕ್ಕೆ ಅದು ಸಾಲದು. ಅದಕ್ಕೆ ಬ್ರೌನಿಂಗ್ ನಳಿಗೆಯನ್ನೂ ಸ್ಲೈಡನ್ನೂ ಒಂದಕ್ಕೊಂದು ಕೊಂಡಿ ಹಾಕಿದರು. ಎರಡೂ ಜೊತೆಯಾಗಿ ಸ್ವಲ್ಪ ದೂರ ಹಿಂದೆ ಸರಿಯುತ್ತವೆ, ಗುಂಡು ಹೊರಗೆ ಹೋಗಿ ಒತ್ತಡ ಇಳಿದ ಮೇಲೆ ನಳಿಗೆಯ ಬುಡ ಕೆಳಕ್ಕೆ ವಾಲಿ ಕೊಂಡಿ ಬಿಡುತ್ತದೆ. 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಪಿಸ್ತೂಲಿನಲ್ಲಿ ಇದೇ ಉಪಾಯ ಇತ್ತು. ಅದರ ಹೆಸರೇ 1911. ಇವತ್ತು ಅಂಗಡಿಯಲ್ಲಿ ಕಾಣುವ 9 ಎಂಎಂ (ಇದು ತೋಟಾದ ಅಳತೆ) ಪಿಸ್ತೂಲುಗಳಲ್ಲಿ ಹೆಚ್ಚಿನವು ಅದೇ ಉಪಾಯದ ಮಕ್ಕಳು, ಮೊಮ್ಮಕ್ಕಳು.

ಇದು ಬರೀ ಇತಿಹಾಸ ಅಲ್ಲ, ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. "ನನ್ನ ಕೈಯಲ್ಲಿ ಶಕ್ತಿ ಕಡಿಮೆ, .380ರ ಸಣ್ಣ ಪಿಸ್ತೂಲು ಕೊಡಿ" ಅಂತ ಕೇಳುವವರು ಇರುತ್ತಾರೆ. .380 ಅಂದರೆ 9 ಎಂಎಂಗಿಂತ ಸಣ್ಣ ತೋಟಾ. ಆದರೆ ಆ ತೋಟಾ ಹಾರಿಸುವ ಹಳೇ ಮಾದರಿಯ ವಾಲ್ಥರ್ ಪಿಪಿಕೆ ಬ್ಲೋಬ್ಯಾಕ್ ಪಿಸ್ತೂಲು. ಅದರಲ್ಲಿ ಸ್ಪ್ರಿಂಗ್ ಬಿಗಿಯಾಗಿಯೇ ಇರಬೇಕು. ಹೀಗಾಗಿ ಅದಕ್ಕಿಂತ ದೊಡ್ಡ 9 ಎಂಎಂ ಪಿಸ್ತೂಲಿನ ಸ್ಲೈಡನ್ನು ಎಳೆಯುವುದೇ ಎಷ್ಟೋ ಸಲ ಸುಲಭ. ಬೆರಳಿನ ಗಂಟು ನೋವು ಇರುವವರಿಗೆ, ವಯಸ್ಸಾದವರಿಗೆ ಸ್ಮಿತ್ ಅಂಡ್ ವೆಸನ್ ಕಂಪನಿಯ ಶೀಲ್ಡ್ ಈಝಡ್ ಥರದವು ಇವೆ. ಸ್ಲೈಡ್ ಹಗುರವಾಗಿ ಸರಿಯಲಿ ಅಂತಲೇ ಅವನ್ನು ಮಾಡಿದ್ದಾರೆ.

ಕೈ ಹೇಳುವುದನ್ನು ಕೇಳಿ

ಅಂಗಡಿಗೆ ಹೋದಾಗ ನಾನು ಗೆಳೆಯರಿಗೆ ಮಾಡಿಸುವ ಮೊದಲ ಪರೀಕ್ಷೆ ಇದು. ಪಿಸ್ತೂಲು ಖಾಲಿ ಅಂತ ಅಂಗಡಿಯವರು ತೋರಿಸಬೇಕು, ನೀವೂ ನೋಡಬೇಕು. ಅವರನ್ನು ಕೇಳಿ, ಅವರು ಹೇಳಿದ ಕಡೆಗೆ ನಳಿಗೆ ತಿರುಗಿಸಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಹಿಂಭಾಗದ ಮೇಲ್ತುದಿಗೆ ತಾಗುವಂತೆ ಹಿಡಿಯಿರಿ. ನಳಿಗೆ ಮುಂಗೈಯ ನೇರಕ್ಕೆ ಬಂತಾ ನೋಡಿ. ಈಗ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಸಲೀಸಾಗಿ ಕೂರುತ್ತದಾ? ಬೆರಳು ಮುಟ್ಟಿಸಲು ಹಿಡಿತವನ್ನೇ ತಿರುಚಬೇಕಾದರೆ ಆ ಪಿಸ್ತೂಲು ನಿಮಗೆ ದೊಡ್ಡದು. ಬೆರಳಿನ ಎರಡನೇ ಗಿಣ್ಣೇ ಟ್ರಿಗರಿಗೆ ತಾಗಿದರೆ ಅದು ಸಣ್ಣದು.

ನಮ್ಮ ಜನರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕೈ ಚಿಕ್ಕದು. ಅಂಗಡಿಯವರು ಹೆಂಗಸರನ್ನು ಕಂಡ ತಕ್ಷಣ ಗುಲಾಬಿ ಬಣ್ಣದ ಪುಟ್ಟ ಪಿಸ್ತೂಲು ತೆಗೆದು ತೋರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನಗೆ ಸಿಟ್ಟು ಬರುವುದು ಅಲ್ಲೇ. ಕೈ ಚಿಕ್ಕದಾದರೆ ಬೇಕಾದ್ದು ತೆಳ್ಳಗಿನ ಹಿಡಿ, ಹತ್ತಿರದ ಟ್ರಿಗರ್. ನಳಿಗೆ ಗಿಡ್ಡ ಆಗಬೇಕಿಲ್ಲ, ಪಿಸ್ತೂಲು ಹಗುರವೂ ಆಗಬೇಕಿಲ್ಲ. ಈಗಿನ ಎಷ್ಟೋ ಪಿಸ್ತೂಲುಗಳಲ್ಲಿ ಹಿಡಿಯ ಹಿಂಬದಿಯ ಪಟ್ಟಿ ಬದಲಿಸಬಹುದು. ಗ್ಲಾಕ್ ಮತ್ತು ಸ್ಮಿತ್ ಅಂಡ್ ವೆಸನ್ ಕಂಪನಿಯ ಎಂ ಅಂಡ್ ಪಿ ಡಬ್ಬಿಯೊಳಗೆ ಬೇರೆ ಬೇರೆ ಅಳತೆಯ ಪಟ್ಟಿಗಳು ಬರುತ್ತವೆ. ಅಂಗಡಿಯಲ್ಲೇ ಹಾಕಿಸಿ ನೋಡಿ.

ಇನ್ನೊಂದು ಪರೀಕ್ಷೆ. ಎದುರಿನ ಗೋಡೆಯಲ್ಲಿ ಒಂದು ಚುಕ್ಕೆ ಗುರುತು ಮಾಡಿಕೊಳ್ಳಿ. ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಆ ಕಡೆ ಚಾಚಿ. ಕಣ್ಣು ತೆರೆದಾಗ ಮುಂದಿನ ಗುರಿಮಣಿ ಚುಕ್ಕೆಯ ಹತ್ತಿರ ಇದ್ದರೆ ಆ ಹಿಡಿಯ ವಾಲಿಕೆ ನಿಮ್ಮ ಮಣಿಕಟ್ಟಿಗೆ ಒಪ್ಪಿದೆ. ಗ್ಲಾಕಿನ ಹಿಡಿ ಜಾಸ್ತಿ ವಾಲಿರುವುದರಿಂದ ಕೆಲವರಿಗೆ ಅದು ಮೇಲಕ್ಕೆ ನೋಡುತ್ತದೆ. ಅದು ಗ್ಲಾಕಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಅಭ್ಯಾಸದಿಂದ ಸರಿಹೋಗುತ್ತದೆ. ಆದರೆ ಮೊದಲೇ ಸರಿಯಾಗಿರುವುದು ಸಿಕ್ಕರೆ ಒಳ್ಳೇದು, ಅಲ್ವಾ?

ಸಣ್ಣ ಪಿಸ್ತೂಲು ಯಾಕೆ ಜೋರಾಗಿ ಒದೆಯುತ್ತದೆ

ಹೊಸಬರಿಗೆ ಇದನ್ನು ನಂಬುವುದು ಕಷ್ಟ. ಪುಟ್ಟ ಪಿಸ್ತೂಲು ಮೆತ್ತಗಿರುತ್ತದೆ, ದೊಡ್ಡದು ಒದೆಯುತ್ತದೆ ಅಂದುಕೊಳ್ಳುತ್ತೇವೆ. ನಡೆಯುವುದು ತಿರುಗಾಮುರುಗಾ.

ಸಾಮಾನ್ಯ 9 ಎಂಎಂ ಗುಂಡು ಸುಮಾರು 7.5 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದೇ ನೂಕು ಪಿಸ್ತೂಲಿಗೂ ಸಿಗುತ್ತದೆ. ಪಿಸ್ತೂಲು ಒಂದು ಕೆ.ಜಿ. ಇದ್ದರೆ ನಿಧಾನವಾಗಿ ಹಿಂದೆ ಬರುತ್ತದೆ. ಅರ್ಧ ಕೆ.ಜಿ. ಇದ್ದರೆ ಎರಡರಷ್ಟು ವೇಗದಲ್ಲಿ ಬರುತ್ತದೆ, ಕೈಗೆ ತಾಗುವ ಶಕ್ತಿಯೂ ಎರಡರಷ್ಟು. ಹೋಳಿಗೆ ಮಣೆ ಮತ್ತು ಪ್ಲಾಸ್ಟಿಕ್ ತಟ್ಟೆ ಎರಡನ್ನೂ ಒಂದೇ ಬಲದಿಂದ ತಳ್ಳಿ ನೋಡಿ, ತಟ್ಟೆ ಹಾರಿ ಹೋಗುತ್ತದೆ.

ಮೂರು ನಿಜವಾದ ಪಿಸ್ತೂಲುಗಳನ್ನು ಪಕ್ಕಪಕ್ಕ ಇಡೋಣ. ಪೂರ್ತಿ ಉಕ್ಕಿನ 1911 ಸುಮಾರು 1.1 ಕೆ.ಜಿ. ತೂಗುತ್ತದೆ. 1988ರಲ್ಲಿ ಬಂದ ಗ್ಲಾಕ್ 19 ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಮೈಯದು, ಖಾಲಿ ಇದ್ದಾಗ ಆರುನೂರು ಚಿಲ್ಲರೆ ಗ್ರಾಂ, ನಳಿಗೆ 10 ಸೆಂ.ಮೀ., 15 ತೋಟಾ ಹಿಡಿಯುತ್ತದೆ. 2018ರಲ್ಲಿ ಬಂದ ಸಿಗ್ ಪಿ365 ಸುಮಾರು 500 ಗ್ರಾಂ, ನಳಿಗೆ 8 ಸೆಂ.ಮೀ. ಹತ್ತಿರ, 10 ತೋಟಾ. ಅಷ್ಟು ಚಿಕ್ಕ ಮೈಯಲ್ಲಿ 10 ತೋಟಾ ಹಿಡಿಸಿದ್ದಕ್ಕೇ ಪಿ365 ಬಂದಾಗ ಸುದ್ದಿಯಾಯಿತು. ಅಂಗಿಯ ಕೆಳಗೆ ಇಟ್ಟುಕೊಂಡು ಓಡಾಡುವವರಿಗೆ ಅದು ವರ. ಮನೆಯ ಪೆಟ್ಟಿಗೆಯಲ್ಲೇ ಇಡುವವರಿಗೆ ಆ ಚಿಕ್ಕತನದಿಂದ ಏನೂ ಲಾಭ ಇಲ್ಲ, ಒದೆತ ಮಾತ್ರ ಉಳಿಯುತ್ತದೆ.

ಗಿಡ್ಡ ಪಿಸ್ತೂಲಿಗೆ ಇನ್ನೊಂದು ತೊಂದರೆ ಇದೆ. ಹಿಂದಿನ ಗುರಿಮಣಿಗೂ ಮುಂದಿನದಕ್ಕೂ ಅಂತರ ಕಡಿಮೆ. ಕೈ ಒಂದೇ ಒಂದು ಮಿಲಿಮೀಟರ್ ಅಲುಗಿದರೂ ಗುರಿ ದೂರ ತಪ್ಪುತ್ತದೆ. ಹಗುರ ಪಿಸ್ತೂಲನ್ನು ಸಡಿಲವಾಗಿ ಹಿಡಿದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಳ್ಳುವುದೂ ಇದೆ. ಸ್ಲೈಡ್ ಓಡಬೇಕಾದರೆ ಕೆಳಗಿನ ಮೈ ಗಟ್ಟಿಯಾಗಿ ನಿಲ್ಲಬೇಕು. ಕೈ ಕೂಡ ಹಿಂದೆ ಹೋದರೆ ಸ್ಲೈಡಿಗೆ ಓಡಲು ಜಾಗ ಉಳಿಯುವುದಿಲ್ಲ. ಪಿಸ್ತೂಲು ಕೆಟ್ಟಿದೆ ಅಂತ ವಾಪಸ್ ತರುವ ಹೊಸಬರಲ್ಲಿ ಎಷ್ಟೋ ಜನರ ಕಥೆ ಇದೇ.

ನೀವು ಮನೆಯಲ್ಲಿ ಇಡಲು, ರೇಂಜಿನಲ್ಲಿ ಕಲಿಯಲು ಕೊಳ್ಳುತ್ತಿದ್ದರೆ ಗ್ಲಾಕ್ 19ರ ಅಳತೆ ಅಥವಾ ಅದಕ್ಕಿಂತ ದೊಡ್ಡದನ್ನು ನೋಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಟ್ರಿಗರಿನ ಮೂರು ದಾರಿ

ಎರಡು ಪಿಸ್ತೂಲು ಹೊರಗಿನಿಂದ ಒಂದೇ ಥರ ಕಂಡರೂ ಟ್ರಿಗರ್ ಒತ್ತಿದಾಗ ಒಳಗೆ ನಡೆಯುವುದು ಬೇರೆ ಇರುತ್ತದೆ.

ಹಳೆಯದು 1911ರ ದಾರಿ. ಹಿಂಬದಿಯಲ್ಲಿ ಒಂದು ಹ್ಯಾಮರ್ ಇರುತ್ತದೆ, ನಮ್ಮ ಕೋವಿಯಲ್ಲಿ ಕುದುರೆ ಅನ್ನುತ್ತೇವಲ್ಲ, ಅದೇ. ಕುದುರೆ ಮೊದಲೇ ಎತ್ತಿರಬೇಕು. ಟ್ರಿಗರಿನ ಕೆಲಸ ಅದನ್ನು ಬಿಡುವುದಷ್ಟೇ. ಹೀಗಾಗಿ ಟ್ರಿಗರ್ ಹಗುರ, ಓಟ ಕಡಿಮೆ. ಗುರಿಗೆ ಇದರಷ್ಟು ಸಹಾಯ ಬೇರೆ ಮಾಡುವುದಿಲ್ಲ. ಆದರೆ ಸಿದ್ಧವಾಗಿ ಇಡಬೇಕಾದರೆ ಕುದುರೆ ಎತ್ತಿ, ಹೆಬ್ಬೆರಳಿನ ಸೇಫ್ಟಿ (ಈಡು ಹಾರದಂತೆ ತಡೆಯುವ ಪುಟ್ಟ ಲೀವರ್) ಹಾಕಿ ಇಡಬೇಕು. ಅದನ್ನು ಪ್ರತಿ ಸಲ ನೆನಪಿನಿಂದ ಹಾಕಬೇಕು, ತೆಗೆಯಬೇಕು. ಮೊದಲ ಪಿಸ್ತೂಲಾಗಿ ಇದನ್ನು ನಾನು ಹೇಳುವುದಿಲ್ಲ. ಮನಸ್ಸು ಅದರ ಮೇಲೇ ಇದ್ದರೆ ಒಂದು ವರ್ಷ ಕಲಿತ ಮೇಲೆ ಕೊಳ್ಳಿ.

ಎರಡನೆಯದು ಬೆರೆಟಾ 92 ಮತ್ತು ಜೆಕ್ ದೇಶದ ಸಿಝಡ್ 75 ಹೋಗುವ ದಾರಿ. 1929ರ ವಾಲ್ಥರ್ ಪಿಪಿ ಇದನ್ನು ಜನಪ್ರಿಯ ಮಾಡಿತು. ಕುದುರೆ ಇಳಿದಿರುವಾಗ ಮೊದಲ ಈಡಿಗೆ ಟ್ರಿಗರ್ ಉದ್ದಕ್ಕೆ, ಭಾರವಾಗಿ ಎಳೆಯಬೇಕು. ಆ ಎಳೆತವೇ ಕುದುರೆ ಎತ್ತಿ ಬಿಡುತ್ತದೆ. ಆಮೇಲೆ ಸ್ಲೈಡ್ ಹಿಂದೆ ಬಂದಾಗ ಕುದುರೆಯನ್ನು ತಾನೇ ಎತ್ತಿಡುವುದರಿಂದ ಎರಡನೆಯ ಈಡಿನಿಂದ ಟ್ರಿಗರ್ ಹಗುರ. ಮೊದಲನೆಯದು 5 ಕೆ.ಜಿ. ಹತ್ತಿರ, ಮುಂದಿನವು ಅದರ ಅರ್ಧ ಅಂದುಕೊಳ್ಳಿ. ಮೊದಲ ಎಳೆತ ಭಾರ ಇರುವುದು ಒಂದು ಥರದ ಕಾವಲು, ಆದರೆ ಎರಡು ಬೇರೆ ಬೇರೆ ಎಳೆತ ಕಲಿಯಬೇಕು. ಬೆರೆಟಾ 92ಎಫ್‌ಎಸ್‌ನಲ್ಲಿ ಕುದುರೆಯನ್ನು ಸುರಕ್ಷಿತವಾಗಿ ಇಳಿಸಲು ಡಿಕಾಕರ್ ಅನ್ನುವ ಸನ್ನೆ (ಲೀವರ್) ಇದೆ. ಸಿಝಡ್ 75ಬಿ ಮಾದರಿಯಲ್ಲಿ ಅದು ಇಲ್ಲ. ಚೇಂಬರಿನಲ್ಲಿ ತೋಟಾ ಇಟ್ಟುಕೊಂಡೇ ಹೆಬ್ಬೆರಳಲ್ಲಿ ಕುದುರೆ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಬೆರಳು ಜಾರಿದರೆ ಈಡು ಹಾರಿತು. ಅದರ ಬದಲು ಡಿಕಾಕರ್ ಇರುವ ಸಿಝಡ್ 75 'ಬಿ.ಡಿ.' (BD) ಮಾದರಿ ತೆಗೆದುಕೊಳ್ಳಿ. ಉಕ್ಕಿನ ಸಿಝಡ್ ಕೈಯಲ್ಲಿ ಕೂರುವ ರೀತಿ ನನಗೆ ತುಂಬಾ ಇಷ್ಟ. ಸ್ಲೈಡ್ ಮೈಯ ಒಳಗಡೆ ಓಡುವುದರಿಂದ ಅದು ತಗ್ಗಾಗಿ, ಕೈಗೆ ಹತ್ತಿರವಾಗಿ ಇರುತ್ತದೆ.

ಮೂರನೆಯದು ಸ್ಟ್ರೈಕರ್. ಕುದುರೆಯೇ ಇಲ್ಲ, ಸ್ಲೈಡಿನ ಒಳಗೆ ಸ್ಪ್ರಿಂಗ್ ಹಾಕಿದ ಒಂದು ಮೊಳೆ ಇರುತ್ತದೆ. ಇದನ್ನು ಎಲ್ಲೆಡೆ ಹರಡಿದ್ದು ಆಸ್ಟ್ರಿಯಾದ ಗಾಸ್ಟನ್ ಗ್ಲಾಕ್. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಅವರ ಗ್ಲಾಕ್ 17 ಆರಿಸಿಕೊಂಡಿತು. ಪ್ರತಿ ಎಳೆತವೂ ಒಂದೇ ಥರ, ಸುಮಾರು ಎರಡೂವರೆ ಕೆ.ಜಿ. ಕಲಿಯಲು ಸುಲಭ, ನೆನಪಿಡಬೇಕಾದ ಸನ್ನೆಗಳು ಕಡಿಮೆ. ಸಾಮಾನ್ಯ ಗ್ಲಾಕಿನಲ್ಲಿ ಹೆಬ್ಬೆರಳಿನ ಸೇಫ್ಟಿ ಇಲ್ಲ. ಟ್ರಿಗರಿನ ಮಧ್ಯದ ಪುಟ್ಟ ನಾಲಗೆ ಮತ್ತು ಒಳಗಿನ ತಡೆಗಳು ಪಿಸ್ತೂಲು ಕೆಳಗೆ ಬಿದ್ದರೆ ಕಾಯುತ್ತವೆ. ನಿಮ್ಮ ಬೆರಳನ್ನು ಅವು ತಡೆಯುವುದಿಲ್ಲ. ಸೇಫ್ಟಿ ಬೇಕೇ ಬೇಕು ಅನ್ನಿಸಿದರೆ ಎಂ ಅಂಡ್ ಪಿ ಸಾಲಿನಲ್ಲಿ ಅದು ಇರುವ ಮಾದರಿಗಳೂ ಸಿಗುತ್ತವೆ. ಮನಸ್ಸಿಗೆ ಧೈರ್ಯ ಬರುವುದಾದರೆ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಬಿಚ್ಚುವ ರೀತಿಯಲ್ಲೂ ವ್ಯತ್ಯಾಸ ಇದೆ. ಅದನ್ನು ಕೇಳುವವರೇ ಕಡಿಮೆ. ಗ್ಲಾಕನ್ನು ಒರೆಸಲು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಬೇಕು. ಚೇಂಬರ್ ನೋಡದೆ ಒತ್ತಿದವರು ತಮ್ಮ ಅಂಗೈಯನ್ನೇ ಹೊಡೆದುಕೊಂಡಿದ್ದಾರೆ. ಸಿಗ್ ಪಿ365ನಲ್ಲಿ ಟ್ರಿಗರ್ ಒತ್ತದೆಯೇ ಬಿಚ್ಚಬಹುದು. ಎಂ ಅಂಡ್ ಪಿಯಲ್ಲೂ ಅದಕ್ಕೆ ದಾರಿ ಇದೆ. ಮನೆಯಲ್ಲಿ ಅವಸರದ ಸ್ವಭಾವದವರು ಇದ್ದರೆ ಇದು ಸಣ್ಣ ವಿಷಯ ಅಲ್ಲ.

ತೋಟಾದ ಅಳತೆಯ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನಾನು ಬೇಗ ಮುಗಿಸುತ್ತೇನೆ. 9 ಎಂಎಂ ತೆಗೆದುಕೊಳ್ಳಿ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತರು. ಅದರ ನಂತರ ಎಫ್‌ಬಿಐ ದೊಡ್ಡ ತೋಟಾಗಳ ಕಡೆ ಹೋಯಿತು, 1990ರಲ್ಲಿ .40 ಎಸ್ ಅಂಡ್ ಡಬ್ಲ್ಯೂ ಅನ್ನುವ ತೋಟಾ ಹುಟ್ಟಿದ್ದೂ ಆ ಹುಡುಕಾಟದಿಂದಲೇ. 2010ರ ದಶಕದ ಮಧ್ಯದಲ್ಲಿ ಅದೇ ಎಫ್‌ಬಿಐ 9 ಎಂಎಂಗೆ ಮರಳಿತು. ಗುಂಡುಗಳ ಗುಣಮಟ್ಟ ಅಷ್ಟು ಸುಧಾರಿಸಿತ್ತು, ಒದೆತ ಕಡಿಮೆ ಇದ್ದಾಗ ಗುರಿಯೂ ಚೆನ್ನಾಗಿ ಬೀಳುತ್ತಿತ್ತು. 9 ಎಂಎಂ ತೋಟಾ ಅದಕ್ಕಿಂತ ದೊಡ್ಡದಾದ .45ಕ್ಕಿಂತ ಅಗ್ಗ. .380 ಗಾತ್ರದಲ್ಲಿ ಸಣ್ಣದಾದರೂ ಅದಕ್ಕೂ 9 ಎಂಎಂಗಿಂತ ಜಾಸ್ತಿ ಬೆಲೆ. ಕಲಿಯುವುದಕ್ಕೆ ಸಾವಿರಾರು ತೋಟಾ ಬೇಕು, ಹಾಗಾಗಿ ಬೆಲೆ ಮುಖ್ಯ. ಕೈ ತುಂಬಾ ನೋಯುವವರು ತೀರಾ ಸಣ್ಣ ತೋಟಾದ .22ರಿಂದ ಶುರು ಮಾಡಲಿ.

ಆದರೆ ಗುಂಡು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಯೋಚಿಸಿ. ನಮ್ಮೂರ ಮನೆಗಳ ಗೋಡೆ ಕಲ್ಲು, ಇಟ್ಟಿಗೆ. ಇಲ್ಲಿನ ಒಳಗೋಡೆಗಳು ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. 9 ಎಂಎಂ ಗುಂಡು ಅಂಥ ಹಲವು ಗೋಡೆ ದಾಟುತ್ತದೆ. ಗುರಿ ತಪ್ಪಿದ ಗುಂಡು ಹೋಗುವುದು ಪಕ್ಕದ ಕೋಣೆಗೆ, ಅಲ್ಲಿ ಮಕ್ಕಳು ಮಲಗಿರುತ್ತಾರೆ.

ಕೊಳ್ಳುವ ಮೊದಲು ರೇಂಜಿನಲ್ಲಿ ಒಂದು ದಿನ

ಇಲ್ಲಿನ ಹೆಚ್ಚಿನ ಒಳಾಂಗಣ ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಒಬ್ಬ ತರಬೇತುದಾರರನ್ನು ಒಂದು ಗಂಟೆಗೆ ಜೊತೆಗಿಟ್ಟುಕೊಳ್ಳಿ. ಮೂರು ಪಿಸ್ತೂಲು ಸಾಕು. ಐದಾರು ತೆಗೆದುಕೊಂಡರೆ ಕೊನೆಯದನ್ನು ಹಿಡಿಯುವಷ್ಟರಲ್ಲಿ ಕೈ ಸೋತಿರುತ್ತದೆ, ಸುಮ್ನೆ ಅದರ ಮೇಲೆ ತಪ್ಪು ಹೊರಿಸುತ್ತೇವೆ.

ಮುಚ್ಚಿದ ರೇಂಜಿನಲ್ಲಿ ಶಬ್ದ 160 ಡೆಸಿಬೆಲ್ ಆಸುಪಾಸು. ಕಿವಿಯ ಒಳಗೆ ಬಿರಡೆ, ಮೇಲೆ ಮಫ್, ಎರಡೂ ಹಾಕಿ. ಶಬ್ದಕ್ಕೆ ಬೆಚ್ಚುವುದನ್ನು ಒದೆತ ಅಂದುಕೊಳ್ಳುವವರು ತುಂಬಾ. ಕುತ್ತಿಗೆ ತೆರೆದ ಅಂಗಿ ಬೇಡ. ಬಿಸಿ ತೋಟಾ ಒಳಗೆ ಬಿದ್ದರೆ ಗಾಬರಿಯಲ್ಲಿ ಪಿಸ್ತೂಲು ಹಿಡಿದ ಕೈ ಎಲ್ಲಿಗೆ ತಿರುಗುತ್ತದೋ ಹೇಳಲಾಗದು.

ಮೊದಲ ಸಲ ಮ್ಯಾಗಝೀನಿಗೆ ಒಂದೇ ತೋಟಾ ಹಾಕಿ. ಇದನ್ನು ನಾನು ಯಾರಿಗೂ ಬಿಡುವುದಿಲ್ಲ. ಹೊಸಬರು ಮೊದಲ ಒದೆತಕ್ಕೆ ಬೆದರಿ ಬೆರಳು ಮತ್ತೆ ಬಿಗಿ ಮಾಡುತ್ತಾರೆ, ಇಲ್ಲವೇ ಸಂತೋಷದಲ್ಲಿ ಪಿಸ್ತೂಲು ಹಿಡಿದೇ ಹಿಂದೆ ತಿರುಗುತ್ತಾರೆ. ಒಂದೇ ತೋಟಾ ಇದ್ದರೆ ಆಗ ಅದು ಖಾಲಿ ಆಗಿರುತ್ತದೆ. ನಾಲ್ಕೈದು ಸಲ ಹೀಗೆ ಹೊಡೆದು, ಎರಡಕ್ಕೆ ಹೋಗಿ, ಆಮೇಲೆ ಐದಕ್ಕೆ ಹೋಗಿ.

ಏಳು ಗಜದ ದೂರದಲ್ಲಿ ಹಾಳೆ ಕಟ್ಟಿ. ಪ್ರತಿ ಪಿಸ್ತೂಲಿಗೂ ಹೊಸ ಹಾಳೆ, 50 ಈಡು. ಗುಂಡುಗಳು ನಡುಚುಕ್ಕೆಗೆ ಬಿದ್ದವಾ ಅಂತ ನೋಡಬೇಡಿ, ಒತ್ತೊತ್ತಾಗಿ ಬಿದ್ದವಾ ಅಂತ ನೋಡಿ. ಬಲಗೈಯವರ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ ಗುಂಪಾಗಿದ್ದರೆ ಗುರಿಮಣಿ ಸರಿಯಿಲ್ಲ ಅಂತಲ್ಲ, ಟ್ರಿಗರನ್ನು ಜಗ್ಗುತ್ತಿದ್ದೀರಿ ಅಂತ. ಯಾವುದರಲ್ಲಿ ಜಗ್ಗುವುದು ಕಡಿಮೆಯಾಯಿತೋ ಅದನ್ನು ಗುರುತು ಹಾಕಿಕೊಳ್ಳಿ. ಮ್ಯಾಗಝೀನನ್ನು ನಿಮ್ಮ ಹೆಬ್ಬೆರಳಿನಿಂದ ತುಂಬಲು ಆಯಿತಾ, ಸ್ಲೈಡನ್ನು ಯಾರ ಸಹಾಯ ಇಲ್ಲದೆ ಎಳೆದಿರಾ, ಹಿಂದೆ ನಿಲ್ಲಿಸಿದಿರಾ, ಇವನ್ನೂ ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾದ್ದು, ಕೊನೆಯ ಈಡು ಹೊಡೆದಾಗ ಇನ್ನೂ ಹತ್ತು ಹೊಡೆಯೋಣ ಅನ್ನಿಸಿದ್ದು ಯಾವುದರಲ್ಲಿ? ಮುಗಿಯಿತಲ್ಲ ಸದ್ಯ ಅನ್ನಿಸಿದ್ದು ಯಾವುದರಲ್ಲಿ? ನನ್ನ ಹೆಂಡತಿ ಮೂರನ್ನೂ ಹೊಡೆದು ಆರಿಸಿದ್ದು ಮೂರರಲ್ಲೇ ಭಾರವಾದದ್ದನ್ನು. ಅಂಗಡಿಯವರು ಅದನ್ನು ಅವಳಿಗೆ ತೋರಿಸಿಯೂ ಇರಲಿಲ್ಲ.

ಹೊರಡುವಾಗ ತಣ್ಣೀರು, ಸೋಪು ಹಾಕಿ ಕೈ ಮುಖ ತೊಳೆಯಿರಿ. ಗುಂಡಿನ ಹೊಗೆಯಲ್ಲಿ ಸೀಸ ಇರುತ್ತದೆ. ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ.

ಇಷ್ಟಾದ ಮೇಲೆ ಕಂಪನಿಯ ಪ್ರಶ್ನೆ ತಾನಾಗಿ ಚಿಕ್ಕದಾಗುತ್ತದೆ. ಗ್ಲಾಕ್, ಸ್ಮಿತ್ ಅಂಡ್ ವೆಸನ್, ಸಿಗ್, ಸಿಝಡ್, ವಾಲ್ಥರ್, ಬೆರೆಟಾ, ಎಲ್ಲರ ಹತ್ತಿರವೂ ದಶಕಗಳ ಅನುಭವ ಇದೆ. ಬಿಡಿಭಾಗ, ಮ್ಯಾಗಝೀನ್, ಪಿಸ್ತೂಲು ಇಡುವ ಸೊಂಟದ ಚೀಲ ಸುಲಭವಾಗಿ ಸಿಗುವ ಮಾಡೆಲ್ ನೋಡಿ. ಅದರ ಸೀರಿಯಲ್ ನಂಬರಿಗೆ ರಿಪೇರಿಯ ಪ್ರಕಟಣೆ ಏನಾದರೂ ಇದೆಯಾ ಅಂತ ಕಂಪನಿಯ ತಾಣದಲ್ಲಿ ನೋಡಿ. 2017ರಲ್ಲಿ ಸಿಗ್ ಕಂಪನಿ ತನ್ನ ಪಿ320 ಪಿಸ್ತೂಲು ಕೆಳಗೆ ಬಿದ್ದಾಗ ಈಡು ಹಾರದಂತೆ ಭಾಗಗಳನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಇಂಥದ್ದು ಗೊತ್ತಿರಬೇಕು.

ಪೆಟ್ಟಿಗೆ, ಆಮೇಲೆ ಊರು

ಪಿಸ್ತೂಲಿಗೆ 500, 600 ಡಾಲರ್ ಎತ್ತಿಟ್ಟವರು ಪೆಟ್ಟಿಗೆಗೆ ದುಡ್ಡು ಉಳಿಸಲು ನೋಡುತ್ತಾರೆ. ನಾನು ಹೇಳುವುದು, ಪೆಟ್ಟಿಗೆ ಮೊದಲು ಕೊಳ್ಳಿ. ಗೋಡೆಗೋ ಮಂಚಕ್ಕೋ ಬೋಲ್ಟ್ ಹಾಕಿ ಕೂರಿಸುವ, ಬಟನ್ ಒತ್ತಿ ತೆರೆಯುವ ಉಕ್ಕಿನ ಪೆಟ್ಟಿಗೆ. ಬೀರುವಿನ ಮೇಲಿನ ಅರೆ, ದಿಂಬಿನ ಅಡಿ, ಮೇಜಿನ ಡ್ರಾಯರ್ ಇವು ಯಾವುವೂ ಮಕ್ಕಳಿಗೆ ಗೊತ್ತಿಲ್ಲದ ಜಾಗ ಅಲ್ಲ. ನಾವು ಚಿಕ್ಕವರಿದ್ದಾಗ ಅಜ್ಜಿ ಬೆಲ್ಲ ಬಚ್ಚಿಟ್ಟ ಜಾಗ ನಮಗೆ ಗೊತ್ತಿರಲಿಲ್ಲವಾ?

ಇನ್ನೊಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಗುಂಡಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. ಹೊರಗಿನ ಕಳ್ಳನಿಗೆ ಹೆದರಿ ತಂದ ಪಿಸ್ತೂಲು ಮನೆಯೊಳಗೆ ಯಾರದೋ ಕೆಟ್ಟ ರಾತ್ರಿಗೆ ಕೈಗೆಟುಕುತ್ತದೆ. ಕೆಲಸ ಹೋದಾಗ, ವೀಸಾ ತಿರಸ್ಕಾರವಾದಾಗ, ಮಕ್ಕಳು ಕಾಲೇಜಿನ ಒತ್ತಡದಲ್ಲಿ ಮಾತು ಬಿಟ್ಟಾಗ ಪಿಸ್ತೂಲನ್ನು ಮನೆಯಿಂದ ಹೊರಗೆ ಇಡಿ. ಕಾನೂನು ಒಪ್ಪುವ ರೀತಿಯಲ್ಲಿ ಅದನ್ನು ಕೆಲವು ದಿನ ಇಟ್ಟುಕೊಳ್ಳುವ ಅಂಗಡಿಗಳೂ ರೇಂಜುಗಳೂ ಇವೆ. ಅಮೆರಿಕದ ಸಹಾಯವಾಣಿ 988ಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿ ಮಾತಾಡುವವರು ಸಿಗುತ್ತಾರೆ. ಮನೆಯಲ್ಲಿ ಈಗಾಗಲೇ ಅಂಥ ಕಷ್ಟ ನಡೆಯುತ್ತಿದ್ದರೆ ಕೊಳ್ಳುವುದನ್ನೇ ಮುಂದೆ ಹಾಕಿ.

ಊರಿನಲ್ಲಿರುವ ನೆಂಟರು "ನನಗೂ ಅಂಥದ್ದೇ ಸಿಗುತ್ತಾ?" ಅಂತ ಕೇಳುತ್ತಾರೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ 9 ಎಂಎಂ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಸಿಗದ ಅಳತೆ. ಲೈಸೆನ್ಸ್ ಸಿಕ್ಕ ಸಾಮಾನ್ಯರಿಗೆ ದೊರೆಯುವ ಪಿಸ್ತೂಲು ಹೆಚ್ಚಾಗಿ .32 ಬೋರಿನದು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡು ಬಂದೂಕಿಗಿಂತ ಜಾಸ್ತಿ ಇಡುವಂತಿಲ್ಲ. ಕೈಯ ಅಳತೆ, ಟ್ರಿಗರಿನ ದಾರಿ, ಚೇಂಬರ್ ನೋಡುವ ಕ್ರಮ, ಇವೆಲ್ಲ ಅಲ್ಲಿಗೂ ಹಾಗೇ ಅನ್ವಯಿಸುತ್ತವೆ.

ಇಲ್ಲಿಂದ ರಜೆಗೆ ಊರಿಗೆ ಹೋಗುವವರಿಗೆ ಒಂದು ಎಚ್ಚರ. ರೇಂಜಿಗೆ ಒಯ್ದ ಬೆನ್ನುಚೀಲವನ್ನೇ ವಿಮಾನಕ್ಕೆ ತೆಗೆದುಕೊಂಡು ಹೋಗಿ, ಅದರ ಮೂಲೆಯಲ್ಲಿ ಉಳಿದ ಒಂದೇ ಒಂದು ತೋಟಾದಿಂದ ಭಾರತದ ವಿಮಾನ ನಿಲ್ದಾಣಗಳಲ್ಲಿ ಪೊಲೀಸ್ ಕೇಸಿಗೆ ಸಿಕ್ಕಿಕೊಂಡ ಪ್ರಯಾಣಿಕರು ಇದ್ದಾರೆ. ಟೆಕ್ಸಸ್‌ನಲ್ಲಿ ಜೇಬಿನ ಚಿಲ್ಲರೆಯಂತೆ ಬಿದ್ದಿರುವ ಆ ತೋಟಾಕ್ಕೆ ಅಲ್ಲಿ ಲೈಸೆನ್ಸ್ ಬೇಕು. ಅದಕ್ಕೇ ನನ್ನ ರೇಂಜಿನ ಚೀಲ ಕೆಂಪು ಬಣ್ಣದ್ದು, ಮನೆಯಲ್ಲಿ ಬೇರೆ ಯಾವ ಕೆಂಪು ಚೀಲವೂ ಇಲ್ಲ. ಅದು ಗ್ಯಾರೇಜಿನ ಮೊಳೆಯಲ್ಲೇ ನೇತಾಡುತ್ತದೆ. ಸೂಟ್‌ಕೇಸುಗಳು ಇರುವ ಕೋಣೆಗೆ ಅದು ಇವತ್ತಿನವರೆಗೂ ಬಂದಿಲ್ಲ.